ಬೆಟ್ಟದ ನೋಟವೂ ಒಂದು ಫಸಲೇ

ಈ ಪತ್ರಿಕೆಯಲ್ಲಿ ಬೆಳೆ, ಬೀಜ, ಗೊಬ್ಬರ, ಧಾರಣೆ ವಿಷಯ ಬರೆಯೋದು ವಾಡಿಕೆ. ಬೆಟ್ಟ ಹತ್ತೋ ಆಟದ ವಿಷಯ ಇಲ್ಲಿ ಯಾಕಪ್ಪ ಅಂತ ಕೆಲವರು ಕೇಳಬಹುದು. ಬೆಟ್ಟದ ಬುಡದಲ್ಲಿ ಖುಷ್ಕಿ ಹೊಲ ಇಟ್ಟುಕೊಂಡಿರೋ ನಮ್ಮಂಥವರಿಗೆ ಈಗ ಅದೂ ಮಳೆ-ಬೆಳೆಯಷ್ಟೇ ದೊಡ್ಡ ವಿಷಯ ಆಗಿದೆ. ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮದು ಚಿಕ್ಕಬಳ್ಳಾಪುರದ ಸೀಮೆ. ನಂದಿಗಿರಿ, ಚನ್ನಗಿರಿ, ಬ್ರಹ್ಮಗಿರಿ, ದಿವ್ಯಗಿರಿ, ಸ್ಕಂದಗಿರಿ ಅಂತ ಐದು ಬೆಟ್ಟ ಸೇರಿಸಿ ಪಂಚಗಿರಿ ಅನ್ನುತ್ತಾರೆ. ನಂದಿ ಬೆಟ್ಟದ ಎತ್ತರ 1,478 ಮೀಟರ್. ಸ್ಕಂದಗಿರಿಯನ್ನ ನಾವು ಹಿಂದಿನಿಂದ ಕಳವಾರ ದುರ್ಗ ಅಂತಲೇ ಕರೆಯೋದು. ಬೆಂಗಳೂರಿಂದ ಅರವತ್ತು ಕಿಲೋಮೀಟರ್ ಆಸುಪಾಸು. ಶನಿವಾರ ರಾತ್ರಿ ಊಟ ಮುಗಿಸಿ ಹೊರಟರೂ ಭಾನುವಾರ ಸೂರ್ಯ ಹುಟ್ಟೋ ಹೊತ್ತಿಗೆ ಮೋಡದ ಮೇಲೆ ನಿಲ್ಲಬಹುದು. ಅದಕ್ಕೇ ಅಷ್ಟು ಜನ.

ಬರೋರಲ್ಲಿ ಎಲ್ಲ ಥರದವರೂ ಇದ್ದಾರೆ. ಬರೀ ಫೋಟೋಗೆ ಬರೋರು ಒಂದು ಪಾಲು. ಚಾರಣ ಅಂತ ಚೀಲ ಬೆನ್ನಿಗೆ ಹಾಕ್ಕೊಂಡು ನಡೆಯೋರು ಒಂದು ಪಾಲು. ನಂದಿ ರಸ್ತೆಯ ಏರು ಹತ್ತೋದನ್ನೇ ಪಂದ್ಯ ಮಾಡಿಕೊಂಡಿರೋ ಸೈಕಲ್‌ನವರು ಬೆಳಗಿನ ಜಾವವೇ ಸಾಲುಗಟ್ಟಿ ಬರ್ತಾರೆ. ಹಗ್ಗ ಕಟ್ಟಿ ಬಂಡೆ ಏರೋರು, ಹಕ್ಕಿ ನೋಡೋರು, ಓಟ ಅಭ್ಯಾಸ ಮಾಡೋರು, ಹೀಗೆ ಇನ್ನೂ ಹಲವರು.

ಇವರು ಬರೋದು ಒಳ್ಳೇದೋ ಕೆಟ್ಟದ್ದೋ ಅಂತ ನಮ್ಮ ಕಡೆ ಅರಳಿಕಟ್ಟೆಯಲ್ಲಿ ವಾದ ನಡೀತಾನೇ ಇರುತ್ತೆ. ಹಾಳಾಗಿ ಹೋಗಲಿ, ರಸ್ತೆ ಮುಚ್ಚಿಬಿಡಿ ಅನ್ನೋರು ಒಂದು ಕಡೆ. ಬರಲಿ ಬಿಡಿ, ನಮ್ಮ ಜಮೀನಿಗೆ ರೇಟು ಏರುತ್ತೆ ಅನ್ನೋರು ಇನ್ನೊಂದು ಕಡೆ. ನನ್ನ ಅಭಿಪ್ರಾಯ ಎರಡೂ ಅಲ್ಲ. ಅವರು ಬರಲಿ, ಆಡಲಿ. ಆದರೆ ಬೆಟ್ಟದ ನೋಟವೂ ಈ ಸೀಮೆಯ ಒಂದು ಫಸಲು. ಫಸಲು ಅಂದಮೇಲೆ ಅದನ್ನ ಕಾಯೋರು ಇರಬೇಕು, ಕಾದೋರಿಗೆ ಪಾಲು ಇರಬೇಕು, ಆ ಪಾಲಿಗೆ ಲೆಕ್ಕ ಇರಬೇಕು.

ಬೆಟ್ಟ ಹತ್ತೋದು ನಮಗೆ ಹೊಸದಲ್ಲ

ಪೇಟೆಯವರು ಬಂದು ನಮಗೆ ಬೆಟ್ಟ ಹತ್ತೋದು ಕಲಿಸಿದರು ಅಂತ ಯಾರೂ ತಿಳಿಯಬೇಡಿ. ಆಷಾಢದ ಸೋಮವಾರ ನಂದಿಗಿರಿ ಪ್ರದಕ್ಷಿಣೆಗೆ ಸುತ್ತಲ ಊರಿನವರು ಬರಿಗಾಲಲ್ಲಿ ಬೆಟ್ಟ ಸುತ್ತುತ್ತಾರೆ. ಅದರಲ್ಲಿ ಎಪ್ಪತ್ತು ದಾಟಿದ ಮುದುಕಿಯರೂ ಇರುತ್ತಾರೆ. ಶಿವರಾತ್ರಿಗೆ ಭೋಗನಂದೀಶ್ವರನ ತೇರು, ದನಗಳ ಜಾತ್ರೆ. ಜಾತ್ರೆಗೆ ಬಂದೋರು ಮೆಟ್ಟಿಲ ದಾರಿಯಲ್ಲಿ ಬೆಟ್ಟ ಹತ್ತಿ ಯೋಗನಂದೀಶ್ವರನಿಗೆ ಕೈಮುಗಿದು ಇಳಿಯೋದು ಹಿಂದಿನಿಂದ ಬಂದ ರೂಢಿ. ದನ ಕಾಯೋ ಹುಡುಗರಿಗೆ ಯಾವ ದೊಣೆಯಲ್ಲಿ ಬೇಸಿಗೆಯಲ್ಲೂ ನೀರಿರುತ್ತೆ, ಯಾವ ಬಂಡೆಯಲ್ಲಿ ಹೆಜ್ಜೇನು ಕಟ್ಟಿದೆ, ಮಳೆಗಾಲದಲ್ಲಿ ಯಾವ ಇಳಿಜಾರಿನಲ್ಲಿ ಪಾಚಿ ಜಾರುತ್ತೆ ಅನ್ನೋದು ಬಾಯಿಪಾಠ. ಈ ತಿಳಿವಳಿಕೆಗೆ ಬೆಲೆ ಕಟ್ಟೋರಿಲ್ಲ ಅನ್ನೋದೇ ಈಗಿನ ತಕರಾರು.

ಯಾಕೆ ಬರಲಿ ಅನ್ನುತ್ತೇನೆ

ನಮ್ಮ ಜಿಲ್ಲೆಯಲ್ಲಿ ಕಲ್ಲು ಬೆಟ್ಟಕ್ಕೆ ಇರೋ ಗಿರಾಕಿಗಳು ಎರಡೇ ಥರ. ಒಬ್ಬರು ನೋಡೋಕೆ ಬರೋರು, ಇನ್ನೊಬ್ಬರು ಒಡೆಯೋಕೆ ಬರೋರು. ಬೆಂಗಳೂರಿನ ಕಟ್ಟಡ, ಹೆದ್ದಾರಿ ಎಲ್ಲಕ್ಕೂ ಜಲ್ಲಿ ಬೇಕು. ಕ್ವಾರಿ, ಕ್ರಷರ್ ಬಂದ ಕಡೆ ಗುಡ್ಡ ಕರಗುತ್ತೆ, ಕೊಳವೆ ಬಾವಿ ಅದುರುತ್ತೆ, ಹೂವಿನ ಮೇಲೆ, ಸೊಪ್ಪಿನ ಮೇಲೆ, ಮಾವಿನ ಎಲೆ ಮೇಲೆ ಬಿಳಿ ಪುಡಿ ಕೂತುಕೊಳ್ಳುತ್ತೆ. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿ ಹತ್ತಿರ ಜಿಲೆಟಿನ್ ಸಿಡಿದು ಆರು ಜನ ಸತ್ತರು. ಅದನ್ನ ಈ ಸೀಮೆಯ ಯಾರೂ ಮರೆತಿಲ್ಲ.

ಜನ ಹತ್ತೋ ಬೆಟ್ಟಕ್ಕೆ ಸಾಕ್ಷಿ ಜಾಸ್ತಿ. ಅಲ್ಲಿ ಒಂದು ಕಲ್ಲು ಕದಲಿದರೂ ನೂರು ಜನ ಫೋಟೋ ಹಿಡಿದು ಊರಿಗೆಲ್ಲ ತೋರಿಸುತ್ತಾರೆ. ಯಾರೂ ಕಾಲಿಡದ ಗುಡ್ಡ ಒಂದು ದಿನ ಇದ್ದಕ್ಕಿದ್ದಂತೆ ಅರ್ಧ ಆಗಿರುತ್ತೆ, ಕೇಳೋರು ಇರೋದಿಲ್ಲ. ಹಾಗಾಗಿ ಚೀಲ ಹಾಕ್ಕೊಂಡು ಬರೋ ಹುಡುಗರನ್ನ ಕಂಡರೆ ನನಗೆ ಸಿಟ್ಟು ಬರೋದಿಲ್ಲ. ಅವರು ತಿಳಿದೋ ತಿಳಿಯದೆಯೋ ನಮ್ಮ ಬೆಟ್ಟದ ಕಾವಲು ಮಾಡ್ತಿದ್ದಾರೆ.

ಇನ್ನೊಂದು ಕಾರಣ ನೀರು. ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್ ಹುಟ್ಟೋದು ಈ ಬೆಟ್ಟಗಳ ಸೀಮೆಯಲ್ಲೇ. ನದಿ ಹುಟ್ಟೋ ಜಾಗದವರಿಗೆ ನದಿ ನೀರಿಲ್ಲ, ನಮ್ಮ ಹಣೆಬರಹ ಹಾಗಿದೆ. ಬೆಟ್ಟದ ಮೇಲೆ ಬಿದ್ದ ಮಳೆ ಹಳ್ಳಕ್ಕೆ, ಹಳ್ಳದಿಂದ ಕುಂಟೆಗೆ, ಕುಂಟೆಯಿಂದ ಕೆರೆಗೆ ಇಳಿದರೆ ಮಾತ್ರ ನಮ್ಮ ಬಾವಿಯ ಒರತೆ ಏರುತ್ತೆ. ಈಗ ಬೆಂಗಳೂರಿನ ಹೆಬ್ಬಾಳ-ನಾಗವಾರ ಕಡೆಯ ಚರಂಡಿ ನೀರನ್ನ ಎರಡು ಹಂತ ಶುದ್ಧಿ ಮಾಡಿ ನಮ್ಮ ಕೆರೆಗಳಿಗೆ ಬಿಡ್ತಿದ್ದಾರೆ. ಮೂರನೇ ಹಂತದ ಶುದ್ಧಿಯೂ ಆಗಲಿ ಅಂತ ರೈತರು ಕೇಳ್ತಾನೇ ಇದ್ದಾರೆ. ನಮ್ಮ ಕೈಲಿ ಉಳಿದಿರೋ ಒಳ್ಳೆ ನೀರು ಅಂದರೆ ಬೆಟ್ಟದ ನೀರು ಒಂದೇ. ಬೆಟ್ಟ ಉಳಿದರೆ ಅದು ಉಳಿಯುತ್ತೆ.

ತೊಂದರೆ ಎಲ್ಲಿದೆ

ಬರಲಿ ಅಂದೆ ಅಂತ ತೊಂದರೆ ಮುಚ್ಚಿಡೋದು ಬೇಡ. ದೂರದ ಬೆಟ್ಟ ನುಣ್ಣಗೆ, ಹತ್ತಿರ ಬಂದರೆ ಮುಳ್ಳು ಕಲ್ಲು ಕಾಣೋದು.

ಮೊದಲನೇದು ಹಂಗಾಮು. ಪೇಟೆಯವರಿಗೆ ಬೆಟ್ಟ ಹತ್ತೋಕೆ ಒಳ್ಳೆ ಕಾಲ ಅಂದರೆ ಕಾರ್ತಿಕದಿಂದ ಮಾಘದವರೆಗೆ. ಚಳಿ, ಮಂಜು, ಬೆಳ್ಮೋಡ. ನಮಗೂ ಅದೇ ಕಾಲ. ರಾಗಿ ಕೊಯ್ಲು, ಮೆದೆ, ಒಕ್ಕಣೆ, ಅವರೆ ಬಿಡಿಸೋದು, ಹುರುಳಿ ಕೀಳೋದು ಎಲ್ಲ ಆವಾಗಲೇ. ಬಂಡಿದಾರಿಯಲ್ಲಿ ಸಾಲಾಗಿ ಕಾರು ನಿಲ್ಲಿಸಿದರೆ ಹೊರೆ ಹೊತ್ತ ಟ್ರ್ಯಾಕ್ಟರ್ ಹೊಲದಿಂದ ಈಚೆಗೆ ಬರೋದು ಹೇಗೆ? ಬದುವಿನ ಮೇಲೆ ಚಕ್ರ ಹತ್ತಿಸಿದರೆ ಆ ಬದು ಮುಂದಿನ ಮಳೆಗೆ ಒಡೆಯುತ್ತೆ. ಒಡೆದ ಬದುವಿನಲ್ಲಿ ಹೋದ ಮೇಲ್ಮಣ್ಣು ಮತ್ತೆ ಬರೋದಿಲ್ಲ. ಖುಷ್ಕಿಯವನಿಗೆ ಮೇಲ್ಮಣ್ಣೇ ಬ್ಯಾಂಕು.

ಇದರ ಇನ್ನೊಂದು ಮಗ್ಗಲನ್ನೂ ಹೇಳಬೇಕು. ನಮ್ಮ ಕಡೆ ಕಣ ಮಾಡೋ ರೂಢಿ ತಪ್ಪಿದ ಮೇಲೆ ರಾಗಿ, ಹುರುಳಿ ತಂದು ಟಾರು ರಸ್ತೆ ಮೇಲೆ ಹರಡುತ್ತಾರೆ. ಬಸ್ಸು, ಲಾರಿ ಹತ್ತಿ ಕಾಳು ಉದುರಲಿ ಅಂತ. ಹುರುಳಿ ಸೊಪ್ಪಿನ ಮೇಲೆ ಎರಡು ಚಕ್ರದವರು ಜಾರಿದರೆ ಮೂಳೆ ಮುರಿಯುತ್ತೆ. ಇಳಿಜಾರಿನಲ್ಲಿ ಜೋರಾಗಿ ಬರೋ ಸೈಕಲ್‌ಗೆ ಇನ್ನೂ ಅಪಾಯ. ಈ ವಿಷಯಕ್ಕೆ ರೈತರಿಗೂ ಸೈಕಲ್‌ನವರಿಗೂ ಕೈ ಕೈ ಮಿಲಾಯಿಸೋವರೆಗೂ ಜಗಳ ಹೋಗುತ್ತೆ. ಅವರು ರಸ್ತೆ ನಿಮ್ಮಪ್ಪಂದಾ ಅನ್ನುತ್ತಾರೆ, ಇವರು ನಿಮ್ಮ ತಟ್ಟೆಗೆ ಅನ್ನ ಎಲ್ಲಿಂದ ಬರುತ್ತೆ ಅನ್ನುತ್ತಾರೆ. ಇಬ್ಬರ ಮಾತಲ್ಲೂ ಅರ್ಥ ಇದೆ, ಆದರೆ ಮಾತಿನಿಂದ ಕಾಳು ಬೇರೆ ಆಗೋದಿಲ್ಲ. ಊರಿಗೊಂದು ಸಿಮೆಂಟಿನ ಕಣ ಆದರೆ ಜಗಳವೇ ಮುಗಿಯಿತು. ರಸ್ತೆ ಸೈಕಲ್‌ಗೆ, ಕಣ ರಾಗಿಗೆ. ಕಾಳಿನಲ್ಲಿ ಟಾರಿನ ಚೂರು, ಡೀಸೆಲ್ ವಾಸನೆ ಇಲ್ಲದೆ ನಮಗೂ ಒಂದು ರೂಪಾಯಿ ಜಾಸ್ತಿ ಸಿಗುತ್ತೆ.

ಎರಡನೇದು ಬೆಂಕಿ. ಸಂಕ್ರಾಂತಿ ಕಳೀತು ಅಂದರೆ ಬೆಟ್ಟದ ಬಾದೆ ಹುಲ್ಲು ಒಣಗಿ ನಿಂತಿರುತ್ತೆ. ಒಂದು ಬೀಡಿ ತುಂಡು, ಆರಿಸದೆ ಬಿಟ್ಟ ಒಂದು ಕೆಂಡ ಸಾಕು, ರಾತ್ರಿಯೆಲ್ಲಾ ಬೆಟ್ಟಕ್ಕೆ ಹಾರ ಹಾಕಿದಂಗೆ ಬೆಂಕಿ ಕಾಣುತ್ತೆ. ದೂರದಿಂದ ನೋಡೋಕೆ ಚೆಂದ. ಮಾರನೇ ದಿನ ನಮ್ಮ ದನಕ್ಕೆ ಮೇವಿಲ್ಲ. ಬುಡ ಸುಟ್ಟ ಬೆಟ್ಟಕ್ಕೆ ಮೊದಲ ಮಳೆ ಬಿದ್ದಾಗ ನೀರು ಇಂಗೋದಿಲ್ಲ, ಬೂದಿ ಮಣ್ಣು ಸಮೇತ ಕೆರೆಗೆ ಬಂದು ಹೂಳಾಗುತ್ತೆ. ಬೆಂಕಿ ಹಚ್ಚೋರು ಪೇಟೆಯವರೇ ಅಂತ ನಾನು ಹೇಳೋದಿಲ್ಲ. ಹೊಸ ಹುಲ್ಲು ಚಿಗುರಲಿ ಅಂತ ಕಡ್ಡಿ ಗೀರೋರು ನಮ್ಮವರಲ್ಲೂ ಇದ್ದಾರೆ. ಯಾರು ಹಚ್ಚಿದರೂ ಆರಿಸೋಕೆ ಸೊಪ್ಪು ಹಿಡಿದು ಓಡೋರು ಬುಡದ ಊರಿನ ಹುಡುಗರೇ.

ಮೂರನೇದು ಕಸ ಮತ್ತು ಹೇಲು. ನೇರವಾಗಿ ಬರೀತೀನಿ, ಯಾರೂ ಬೇಜಾರು ಮಾಡ್ಕೋಬೇಡಿ. ಮುನ್ನೂರು ಜನ ಬೆಳಗಿನ ಜಾವ ಒಂದು ಬೆಟ್ಟಕ್ಕೆ ಬಂದರೆ ಅವರು ಎಲ್ಲಿಗೆ ಹೋಗಬೇಕು? ಬುಡದಲ್ಲಿ ನಾಲ್ಕು ಕಕ್ಕಸು, ಅದಕ್ಕೆ ನೀರು, ಅದನ್ನ ತೊಳೆಯೋರಿಗೆ ಸಂಬಳ ಇಲ್ಲದಿದ್ದರೆ ಹಳ್ಳದ ದಂಡೆಯೇ ಗತಿ. ಆ ಹಳ್ಳವೇ ಕೆರೆಗೆ ಬರೋದು. ಪ್ಲಾಸ್ಟಿಕ್ಕು ಹಸುವಿನ ಹೊಟ್ಟೆಗೆ ಹೋಗುತ್ತೆ. ಹೊಟ್ಟೆ ಉಬ್ಬರಿಸಿ ನರಳೋ ಹಸುವಿನ ಮುಂದೆ ರಾತ್ರಿ ಕೂತವರಿಗೇ ಆ ಸಂಕಟ ಗೊತ್ತು.

ನಾಲ್ಕನೇದು ಬೆಟ್ಟದ ತಾಳಿಕೆ. 2021ರ ಆಗಸ್ಟಿನಲ್ಲಿ ಒಂದು ರಾತ್ರಿ ಸುರಿದ ಮಳೆಗೆ ಗುಡ್ಡ ಜರುಗಿ ನಂದಿ ಬೆಟ್ಟದ ರಸ್ತೆ ಕೊಚ್ಚಿಹೋಯಿತು. ಸುಮಾರು ಮೂರು ತಿಂಗಳು ಬೆಟ್ಟಕ್ಕೆ ಪ್ರವಾಸಿಗಳನ್ನೇ ಬಿಡಲಿಲ್ಲ. 2023ರ ಮಾರ್ಚಿನಲ್ಲಿ ಸುಮಾರು 93 ಕೋಟಿ ರೂಪಾಯಿಯ ರೋಪ್‌ವೇಗೆ ಶಂಕುಸ್ಥಾಪನೆ ಮಾಡಿದರು. 2025ರ ಜುಲೈ 2ರಂದು ರಾಜ್ಯದ ಸಚಿವ ಸಂಪುಟ ಬೆಟ್ಟದ ಮೇಲೇ ಸಭೆ ನಡೆಸಿತು. 1986ರಲ್ಲಿ ಸಾರ್ಕ್ ದೇಶಗಳ ಮುಖಂಡರು ಬಂದು ಕೂತಿದ್ದ ಬೆಟ್ಟ ಇದು, ದೊಡ್ಡೋರು ಬರೋದು ಹೊಸದಲ್ಲ. ರೋಪ್‌ವೇ ಬೇಡ ಅಂತ ನಾನು ಹೇಳೋದಿಲ್ಲ, ಕಾರು ಕಮ್ಮಿ ಆದರೆ ಒಳ್ಳೇದೇ. ಆದರೆ ಬೆಟ್ಟದ ಮೇಲೆ ಎಷ್ಟು ಜನ ಹಿಡಿಸುತ್ತಾರೆ ಅನ್ನೋ ಲೆಕ್ಕ ಮೊದಲು ಆಗಲಿ. ಎರಡು ಎತ್ತು ಎಳೆಯೋ ಬಂಡಿಗೆ ನಾಲ್ಕು ಎತ್ತಿನ ಭಾರ ಹೇರಿ ಆಮೇಲೆ ಅಚ್ಚು ಮುರೀತು ಅಂತ ಅಳಬಾರದು.

ನಮ್ಮ ಮಕ್ಕಳು ಬರೀ ನೋಡ್ತಾ ನಿಲ್ಲಬೇಕಾ?

ನನಗೆ ಎಲ್ಲಕ್ಕಿಂತ ಜಾಸ್ತಿ ಕೊರೆಯೋ ವಿಷಯ ಇದು. ಬೆಟ್ಟ ನಮ್ಮೂರ ಹಿತ್ತಲಲ್ಲಿದೆ. ಅದರ ಮೇಲಿನ ಆಟ ಮಾತ್ರ ಅರವತ್ತು ಕಿಲೋಮೀಟರ್ ದೂರದಿಂದ ಬರುತ್ತೆ. ಹಗ್ಗ, ಕೊಕ್ಕೆ, ತಲೆಗೆ ಟೋಪಿ, ಬೂಟು ಎಲ್ಲ ಅವರದ್ದು. ನಮ್ಮ ಹುಡುಗರ ಪಾಲಿಗೆ ಉಳಿಯೋದು ಗಾಡಿ ಕಾಯೋದು, ಟೀ ಲೋಟ ತೊಳೆಯೋದು. ಹುಡುಗಿಯರಿಗಂತೂ ಅದೂ ಇಲ್ಲ.

2022ರ ಫೆಬ್ರವರಿಯಲ್ಲಿ ಬ್ರಹ್ಮಗಿರಿಯ ಬಂಡೆಯಲ್ಲಿ ಒಬ್ಬ ವಿದ್ಯಾರ್ಥಿ ಜಾರಿ ಸುಮಾರು ಮುನ್ನೂರು ಅಡಿ ಕೆಳಗೆ ಸಿಕ್ಕಿಕೊಂಡಿದ್ದ. ವಾಯುಪಡೆಯ ಹೆಲಿಕಾಪ್ಟರ್ ಬಂದು ಎತ್ತಬೇಕಾಯಿತು. ಹುಡುಗ ಬದುಕಿದ, ಸಂತೋಷ. ಎಲ್ಲ ಸಲ ಹೆಲಿಕಾಪ್ಟರ್ ಬರುತ್ತೆ ಅಂತ ನಂಬಿಕೊಂಡು ಬೆಟ್ಟ ಬಿಡೋಕಾಗುತ್ತಾ? ಬುಡದ ಪ್ರತಿ ಊರಲ್ಲೂ ಹತ್ತು ಜನ ಹುಡುಗ-ಹುಡುಗಿಯರಿಗೆ ಹಗ್ಗದ ಕೆಲಸ, ಪ್ರಥಮ ಚಿಕಿತ್ಸೆ, ಬೆಂಕಿ ಆರಿಸೋ ಕೆಲಸ ಸರಿಯಾಗಿ ಕಲಿಸಿದರೆ ಅರ್ಧ ಗಂಟೆಯಲ್ಲಿ ಸಹಾಯ ಮುಟ್ಟುತ್ತೆ. ದಾರಿ ಹೇಗೂ ಅವರಿಗೆ ಗೊತ್ತು.

ಕಲಿಸೋರು ಇಲ್ಲ ಅಂತಲೂ ಅಲ್ಲ. ನಮ್ಮ ರಾಜ್ಯದಲ್ಲೇ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಇದೆ. ಬಾದಾಮಿಯ ಕೆಂಪು ಬಂಡೆ, ರಾಮನಗರದ ಕಲ್ಲುಬೆಟ್ಟ ಇವೆಲ್ಲ ದೇಶದ ಬಂಡೆ ಹತ್ತೋರಿಗೆ ಗೊತ್ತಿರೋ ಜಾಗಗಳು. ಚಿತ್ರದುರ್ಗದ ಕೋಟೆ ಗೋಡೆಯನ್ನ ಬರಿಗೈಯಲ್ಲಿ ಹತ್ತೋ ಜ್ಯೋತಿರಾಜ್ ಅವರ ಹೆಸರು ಯಾರು ಕೇಳಿಲ್ಲ? ಕೂಲಿ ಕೆಲಸ ಮಾಡಿಕೊಂಡಿದ್ದವರು, ಕೋತಿ ಹತ್ತೋದು ನೋಡಿ ಕಲಿತವರು. ಅಂಥ ಕೈಕಾಲು ನಮ್ಮ ಊರುಗಳಲ್ಲಿ ಎಷ್ಟೋ ಇವೆ. ಅವಕ್ಕೆ ಹಗ್ಗವೂ ಇಲ್ಲ, ಗುರುವೂ ಇಲ್ಲ.

ಶಾಲೆಯಲ್ಲಿ ಆಟದ ಪೀರಿಯಡ್ ಅಂದರೆ ಒಂದು ಚೆಂಡು ಎಸೆದು ಬಿಡೋದು. ಬೆಟ್ಟದ ಬುಡದ ಶಾಲೆಗೆ ಬೆಟ್ಟಕ್ಕಿಂತ ದೊಡ್ಡ ಮೈದಾನ ಬೇಕಾ? ತಿಂಗಳಿಗೆ ಒಂದು ದಿನ ಮೇಷ್ಟ್ರು ಮಕ್ಕಳನ್ನ ಮೇಲಕ್ಕೆ ಕರ್ಕೊಂಡು ಹೋಗಲಿ. ಜೊತೆಗೆ ದನ ಕಾದ ಒಬ್ಬ ಹಿರಿಯನೂ ಹೋಗಲಿ. ನೀರು ಎಲ್ಲಿ ಹುಟ್ಟಿ ಎಲ್ಲಿಗೆ ಹೋಗುತ್ತೆ ಅಂತ ಮೇಲಿಂದ ನೋಡಿದ ಮಗು ದೊಡ್ಡದಾದ ಮೇಲೆ ರಾಜಕಾಲುವೆ ಒತ್ತುವರಿ ಮಾಡೋಕೆ ಹಿಂದೆ ಮುಂದೆ ನೋಡುತ್ತೆ.

ಪಾಲು ಮತ್ತು ಲೆಕ್ಕ

ಈಗ ದುಡ್ಡಿನ ವಿಷಯಕ್ಕೆ ಬರ್ತೀನಿ. 2024ರ ಜನವರಿ 26ರ ರಜೆಯಲ್ಲಿ ಪಶ್ಚಿಮಘಟ್ಟದ ಕುಮಾರ ಪರ್ವತದಲ್ಲಿ ಇರುವೆ ಸಾಲಿನಂಗೆ ಜನ ನಿಂತ ಚಿತ್ರ ಎಲ್ಲ ಕಡೆ ಬಂತು. ಆಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಇಂತಿಷ್ಟೇ ಜನ ಅಂತ ಮಿತಿ ಹಾಕಿ ಆನ್‌ಲೈನ್ ಟಿಕೆಟ್ ವ್ಯವಸ್ಥೆ ತಂದಿತು. ಒಳ್ಳೆ ಕೆಲಸ. ನಮ್ಮ ಸ್ಕಂದಗಿರಿಗೂ ಟಿಕೆಟ್ ತಗೊಂಡೇ ಹತ್ತಬೇಕು.

ನನ್ನ ಪ್ರಶ್ನೆ ಟಿಕೆಟ್ ಆದ ಮೇಲಿನದು. 1993ರಿಂದ ನಮ್ಮ ರಾಜ್ಯದಲ್ಲಿ ಜಂಟಿ ಅರಣ್ಯ ಯೋಜನೆ ಇದೆ. ಊರಿನವರ ಗ್ರಾಮ ಅರಣ್ಯ ಸಮಿತಿ ಕಾಡು ಬೆಳೆಸಿ ಕಾದರೆ ಅದರ ಉತ್ಪನ್ನದಲ್ಲಿ ಊರಿಗೆ ಪಾಲು ಅನ್ನೋದು ಅದರ ತತ್ವ. ಹುಲ್ಲು ಉತ್ಪನ್ನ, ಹುಣಸೆಹಣ್ಣು ಉತ್ಪನ್ನ, ಹೊಂಗೆ ಬೀಜ ಉತ್ಪನ್ನ. ಹಾಗಾದರೆ ಬೆಟ್ಟದ ಮೇಲಿನ ನೋಟ ಯಾಕೆ ಉತ್ಪನ್ನ ಅಲ್ಲ? ಹುಣಸೆಹಣ್ಣಾದರೆ ಒಂದು ಸಲ ಕಿತ್ತರೆ ಮುಂದಿನ ವರ್ಷದವರೆಗೆ ಕಾಯಬೇಕು. ನೋಟವನ್ನ ಪ್ರತಿ ಭಾನುವಾರ ಮಾರುತ್ತಾರೆ, ಆದರೂ ಕರಗೋದಿಲ್ಲ, ಕಾಯೋರು ಇರೋವರೆಗೆ.

ಸುಮ್ಮನೆ ಒಂದು ಲೆಕ್ಕ ಹಾಕಿ. ದಿನಕ್ಕೆ ಮುನ್ನೂರು ಜನ ಅಂತ ಇಟ್ಕೊಳ್ಳಿ. ತಲೆಗೆ ಹತ್ತೇ ರೂಪಾಯಿ ಬುಡದ ಊರುಗಳ ಖಾತೆಗೆ ಅಂದರೂ ದಿನಕ್ಕೆ ಮೂರು ಸಾವಿರ. ವರ್ಷಕ್ಕೆ ನೂರು ಶನಿವಾರ-ಭಾನುವಾರ ಹಿಡಿದರೆ ಮೂರು ಲಕ್ಷ. ಬೆಂಗಳೂರಿನವನಿಗೆ ಹತ್ತು ರೂಪಾಯಿಗೆ ಒಂದು ಟೀ ಬರೋದೂ ಕಷ್ಟ. ನಮಗೆ ಮೂರು ಲಕ್ಷ ಅಂದರೆ ಒಂದು ಕಣ, ನಾಲ್ಕು ಕಕ್ಕಸು, ಬೇಸಿಗೆ ಮೂರು ತಿಂಗಳ ಬೆಂಕಿ ಕಾವಲಿಗೆ ಕೂಲಿ, ಇದರಲ್ಲಿ ವರ್ಷಕ್ಕೆ ಒಂದೊಂದಾದರೂ ಆಗುತ್ತೆ.

ಎಷ್ಟು ಟಿಕೆಟ್ ಹೋಯಿತು, ಎಷ್ಟು ಬಂತು, ಎಲ್ಲಿಗೆ ಖರ್ಚಾಯಿತು ಅನ್ನೋದನ್ನ ಆರು ತಿಂಗಳಿಗೊಮ್ಮೆ ಗ್ರಾಮಸಭೆಯಲ್ಲಿ ಜೋರಾಗಿ ಓದಿ ಹೇಳಬೇಕು. ಕಂಪ್ಯೂಟರ್‌ನಲ್ಲಿ ಇದೆ, ನೋಡ್ಕೊಳ್ಳಿ ಅಂದರೆ ನಮ್ಮಂಥ ಏಳನೇ ಕ್ಲಾಸಿನವರಿಗೆ ಆಗೋದಿಲ್ಲ. ಹಾಗೆಯೇ ದನ ಹೊಡ್ಕೊಂಡು ಹೋಗೋರು, ಹರಕೆ ತೀರಿಸೋಕೆ ಹತ್ತೋರು ತಮ್ಮ ಬೆಟ್ಟಕ್ಕೆ ತಾವೇ ಟಿಕೆಟ್ ತಗೊಳ್ಳೋ ಕಾಲ ಬರಬಾರದು.

ನೋಟ ಮಾರಿ, ನೆಲ ಮಾರಬೇಡಿ

2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಆದ ಮೇಲೆ ಈ ಕಡೆ ಜಮೀನಿನ ಬೆಲೆ ನಮ್ಮ ಲೆಕ್ಕಕ್ಕೆ ಸಿಗದಷ್ಟು ಏರಿತು. 2020ರ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ ಬೇಸಾಯ ಮಾಡದವರೂ ಹೊಲ ಕೊಳ್ಳಬಹುದು. ಬೆಟ್ಟ ಕಾಣೋ ಹೊಲಕ್ಕೆ ಗಿರಾಕಿ ಮೊದಲು. ಮಳೆ ಕೈಕೊಟ್ಟ ವರ್ಷ ಮಗಳ ಮದುವೆ, ಬ್ಯಾಂಕಿನ ನೋಟೀಸು ಎರಡೂ ಒಟ್ಟಿಗೆ ಬಂದರೆ ಮಾರದೆ ಏನು ಮಾಡ್ತಾನೆ ಅಂತ ಕೇಳೋರ ಮಾತು ನನಗೆ ಅರ್ಥ ಆಗುತ್ತೆ. ಮಾರಿದವರನ್ನ ಬೈಯೋಕೆ ನಾನು ಬರೆದಿಲ್ಲ.

ಮಾರಿದ ಮೇಲೆ ಏನಾಗುತ್ತೆ ಅನ್ನೋದನ್ನ ಮಾತ್ರ ಹೇಳ್ತೀನಿ. ಕೊಂಡವರು ಮೊದಲು ಮಾಡೋ ಕೆಲಸ ಬೇಲಿ. ಎರಡನೇದು ಗೇಟು. ತಲೆತಲಾಂತರದಿಂದ ಬೆಟ್ಟಕ್ಕೆ ದನ ಹೋಗ್ತಿದ್ದ ಕಾಲುದಾರಿ ಗೇಟಿನ ಒಳಗೆ ಸೇರಿಕೊಳ್ಳುತ್ತೆ. ನಕಾಶೆಯಲ್ಲಿ ದಾರಿ ಇರುತ್ತೆ, ನೆಲದ ಮೇಲೆ ಇರೋದಿಲ್ಲ. ಹಳ್ಳ ಮುಚ್ಚಿ ಹುಲ್ಲುಹಾಸು ಮಾಡಿದರೆ ಕೆಳಗಿನ ಕುಂಟೆಗೆ ನೀರು ಬರೋದಿಲ್ಲ. ಕೊನೆಗೆ ನಡ್ಕೊಂಡು ಬೆಟ್ಟ ಹತ್ತೋಕೆ ಬಂದ ಚಾರಣದ ಹುಡುಗರಿಗೂ ದಾರಿ ಇಲ್ಲ, ನಮಗೂ ಇಲ್ಲ. ಈ ಒಂದು ವಿಷಯದಲ್ಲಿ ಅವರೂ ನಾವೂ ಒಂದೇ ಕಡೆಯವರು.

ಬರೋ ಜನಕ್ಕೆ ಹೊಲ ಮಾರೋ ಬದಲು ಹೊಲದ್ದನ್ನ ಮಾರೋಣ. ಬೆಟ್ಟ ಇಳಿದು ಬಂದವನ ಹಸಿವು ನಿಮಗೆ ಗೊತ್ತಿರಬಹುದು. ಬಿಸಿ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಅವರೆಕಾಳು ಸಾರು, ಬೇಸಿಗೆಯಾದರೆ ನೀರುಮಜ್ಜಿಗೆ, ರಾಗಿ ಅಂಬಲಿ. ಪುಷ್ಯದಲ್ಲಿ ಸೊಗಡು ಅವರೆಕಾಯಿ, ಹಣ್ಣಿನ ಕಾಲಕ್ಕೆ ನಮ್ಮ ಬೆಂಗಳೂರು ನೀಲಿ ದ್ರಾಕ್ಷಿ, ಸೀಬೆ, ಮಾವು. ಅಕ್ಕಡಿ ಸಾಲಿನಲ್ಲಿ ಬೆಳೆದ ಹುಚ್ಚೆಳ್ಳು, ಅಲಸಂದೆ, ಸಾಸಿವೆ ಒಂದೊಂದು ಪಾವು ಪೊಟ್ಟಣ ಕಟ್ಟಿ ಇಟ್ಟರೆ ಅದಕ್ಕೂ ಗಿರಾಕಿ. ಮಂಡಿಗೆ ಹಾಕಿದರೆ ಕಮಿಷನ್, ಹಮಾಲಿ, ಬಾಡಿಗೆ ಕಳೆದು ಬರೋದು ಎಷ್ಟು ಅಂತ ಈ ಪತ್ರಿಕೆ ಓದೋರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮಹಿಳಾ ಸಂಘದವರು ಕೈಹಾಕಿದರೆ ಈ ಕೆಲಸ ಚೆನ್ನಾಗಿ ನಡೆಯುತ್ತೆ. ಅವರಿಗೆ ಲೆಕ್ಕ ಇಡೋದು ನಮಗಿಂತ ಚೆನ್ನಾಗಿ ಬರುತ್ತೆ.

ಆಗಬೇಕಾದ ಕೆಲಸ

ನನ್ನ ಬುದ್ಧಿಗೆ ತೋಚಿದ್ದನ್ನ ಸಾಲಾಗಿ ಬರೆದಿದ್ದೇನೆ.

1. ಬುಡದ ಊರುಗಳಿಗೆ ಟಿಕೆಟ್ ಹಣದಲ್ಲಿ ನಿಗದಿಯಾದ ಪಾಲು, ಅದರ ಲೆಕ್ಕ ಗ್ರಾಮಸಭೆಯಲ್ಲಿ.

2. ಗೈಡ್ ಕೆಲಸ, ಬೆಂಕಿ ಕಾವಲು, ಅಪಾಯಕ್ಕೆ ಓಡೋ ತಂಡ ಎಲ್ಲದಕ್ಕೂ ಅದೇ ಊರಿನ ಹುಡುಗ-ಹುಡುಗಿಯರಿಗೆ ಮೊದಲ ಅವಕಾಶ. ಕಲಿಸಿ, ಸಲಕರಣೆ ಕೊಟ್ಟು, ವಿಮೆ ಮಾಡಿಸಿ ಆಮೇಲೆ ಕಳಿಸಬೇಕು.

3. ಗಾಡಿ ನಿಲ್ಲಿಸೋಕೆ ಗುರುತು ಮಾಡಿದ ಜಾಗ. ಬಂಡಿದಾರಿಯಲ್ಲಿ, ಬದುವಿನ ಮೇಲೆ ನಿಲ್ಲಿಸಿದರೆ ದಂಡ. ಆ ದಂಡವೂ ಪಂಚಾಯ್ತಿಗೆ.

4. ಊರಿಗೊಂದು ಒಕ್ಕಣೆ ಕಣ. ಅದಾದ ಮೇಲೆ ರಸ್ತೆ ಮೇಲೆ ಹುಲ್ಲು, ತೆನೆ ಹರಡಬಾರದು ಅಂತ ನಾವೇ ಕಟ್ಟುಪಾಡು ಮಾಡಿಕೊಳ್ಳೋದು.

5. ಹುಲ್ಲು ಒಣಗಿದ ಮೇಲೆ ಬೆಂಕಿ ಕಡ್ಡಿ, ಬೀಡಿ-ಸಿಗರೇಟು, ಒಲೆ ಯಾವುದೂ ಮೇಲಕ್ಕೆ ಹೋಗಬಾರದು. ಬುಡದಲ್ಲೇ ಚೀಲ ನೋಡಿ ಕಳಿಸೋದು. ನಮ್ಮವರಿಗೂ ಅದೇ ನಿಯಮ.

6. ಬೆಟ್ಟಕ್ಕೆ ಹೋಗೋ ನಕಾಶೆ ದಾರಿಗಳನ್ನ ಸರ್ವೆ ಮಾಡಿಸಿ ಕಲ್ಲು ನೆಡೋದು. ಇದನ್ನ ಇವತ್ತು ಮಾಡದಿದ್ದರೆ ಹತ್ತು ವರ್ಷ ಬಿಟ್ಟು ಮಾಡೋಕೆ ದಾರಿಯೇ ಇರೋದಿಲ್ಲ.

ಬರೋ ಸ್ನೇಹಿತರಿಗೂ ಎರಡು ಮಾತು. ತಂದ ಕಸ ವಾಪಸ್ ತಗೊಂಡು ಹೋಗಿ. ದ್ರಾಕ್ಷಿ ತೋಟ, ಅವರೆ ಹೊಲ ಕಂಡರೆ ಕಿತ್ತುಕೊಳ್ಳಬೇಡಿ, ಕೇಳಿ. ಕೇಳಿದವರಿಗೆ ಇಲ್ಲ ಅಂದ ರೈತನನ್ನ ನಾನಿನ್ನೂ ಕಂಡಿಲ್ಲ. ಕೂಗಾಟ, ಪಾಟು ಹಾಕೋದು ಬೇಡ. ಹೆಜ್ಜೇನು ಎದ್ದರೆ ನಿಮ್ಮ ಜೊತೆ ನಮ್ಮ ದನಗಾಹಿಯೂ ಕಚ್ಚಿಸಿಕೊಳ್ಳಬೇಕಾಗುತ್ತೆ. ಚಿರತೆ ಓಡಾಡೋ ಬೆಟ್ಟ ಇದು, ಕತ್ತಲಲ್ಲಿ ಒಬ್ಬೊಬ್ಬರೇ ದಾರಿ ಬಿಟ್ಟು ಹೋಗಬೇಡಿ.

ನಮ್ಮ ಹಿರಿಯರು ಬೆಟ್ಟದ ಬುಡದ ಹೊಲ ಬಿಟ್ಟುಕೊಡದೆ ಉಳಿಸಿಕೊಂಡಿದ್ದು ಅಲ್ಲಿ ಫಸಲು ಜಾಸ್ತಿ ಅಂತಲ್ಲ. ಕಲ್ಲು, ಮೊರಡು, ತೆಳು ಮಣ್ಣು, ಎಕರೆಗೆ ಬೇರೆಯವರ ಅರ್ಧ ಬೆಳೆ. ಆದರೂ ಬೆಟ್ಟದ ನೀರು ಮೊದಲು ಇಳಿಯೋದು ಅಲ್ಲಿಗೇ ಅಂತ ಇಟ್ಟುಕೊಂಡರು. ಈಗ ಬೆಟ್ಟದಿಂದ ನೀರಿನ ಜೊತೆ ಜನವೂ ಇಳೀತಿದ್ದಾರೆ. ನೀರನ್ನ ಹೆಂಗೆ ಬದು ಹಾಕಿ ನಿಲ್ಲಿಸಿ, ಇಂಗಿಸಿ, ಮಿಕ್ಕಿದ್ದನ್ನ ಕೋಡಿ ಬಿಡ್ತೀವೋ ಹಂಗೇ ಇದಕ್ಕೂ ಒಂದು ಬದು ಕಟ್ಟಬೇಕು. ಕಟ್ಟದೆ ಬಿಟ್ಟರೆ ಎರಡೂ ಕೊಚ್ಚಿಕೊಂಡು ಹೋಗೋದು ನಮ್ಮ ಮಣ್ಣನ್ನೇ.

ಮಧುಗಿರಿ, ಸಾವನದುರ್ಗ, ರಾಮನಗರ, ಅಂತರಗಂಗೆ, ಚಿತ್ರದುರ್ಗ, ಬಾದಾಮಿ ಕಡೆಯ ರೈತ ಬಂಧುಗಳಿಗೆ ಒಂದು ವಿನಂತಿ. ನಿಮ್ಮಲ್ಲೂ ಬೆಟ್ಟ ಹತ್ತೋರು ಬರ್ತಾರೆ. ನಿಮ್ಮೂರಲ್ಲಿ ಪಂಚಾಯ್ತಿಗೆ ಪಾಲು ಉಂಟಾ, ದಾರಿ ಉಳಿದಿದೆಯಾ, ಮಕ್ಕಳಿಗೆ ಯಾರಾದರೂ ಹಗ್ಗ ಹಿಡಿಯೋದು ಕಲಿಸಿದ್ದಾರಾ? ಇದೇ ಪತ್ರಿಕೆಗೆ ಬರೆಯಿರಿ. ಒಂದೂರಿನಲ್ಲಿ ಆಗಿರೋ ಒಳ್ಳೇದನ್ನ ತೋರಿಸಿ ಇನ್ನೊಂದೂರಿನಲ್ಲಿ ಕೇಳೋಕೆ ನಮಗೆ ಬಾಯಿ ಬರುತ್ತೆ.